ಪೆಲಿಕನ್ಸ್ ಗೆದ್ದದ್ದಕ್ಕೆ ಜೋಡಿ ಗುಂಡು

ಇಂಗ್ಲೆಂಡಿನ ನಾರ್ತ್‌ಬ್ರಿಜ್ ರೋವರ್ಸ್ ಎಂಬ ಫುಟ್ಬಾಲ್ ತಂಡದ ಕೋಚನ್ನು ಕೆಲಸದಿಂದ ತೆಗೆಸಿದವನು ಕೊಡಗಿನ ಮಾದಾಪುರದ ದೇರಪ್ಪ. ಇದನ್ನು ಸ್ವತಃ ದೇರಪ್ಪನೇ ಹೇಳಿದ್ದರಿಂದ ನಾವು ನಂಬಲೇಬೇಕು. ಆ ತಂಡದ ಫೇಸ್‌ಬುಕ್ ಪುಟದಲ್ಲಿ ಅವನು, ಬ್ಯಾಂಕ್ ಮ್ಯಾನೇಜರಿಗೆ ಅರ್ಜಿ ಬರೆಯುವ ಇಂಗ್ಲಿಷಿನಲ್ಲಿ, ‘ಮಾನ್ಯರೇ, ಈ ಕೋಚ್ ಯೋಗ್ಯನಲ್ಲ, ದಯವಿಟ್ಟು ತೆಗೆದು ಉಪಕರಿಸಬೇಕು’ ಎಂದು ಬರೆದಿದ್ದ. ವಾರ ಕಳೆಯುವುದರೊಳಗೆ ಕೋಚ್ ಮನೆಗೆ ಹೋದ. ಅದೇ ಪುಟದಲ್ಲಿ ಅದೇ ಮಾತನ್ನು ಇದರ ಅರ್ಧ ಮರ್ಯಾದೆಯೂ ಇಲ್ಲದ ಭಾಷೆಯಲ್ಲಿ ಸಾವಿರಾರು ಜನ ಬರೆದಿದ್ದರು. ಅವರನ್ನೆಲ್ಲ ದೇರಪ್ಪ ತನ್ನ ಬೆಂಬಲಿಗರು ಎಂದು ತಿಳಿದುಕೊಂಡ.

ದೇರಪ್ಪ ಜೀವಮಾನದಲ್ಲಿ ಚೆಂಡು ಒದ್ದವನಲ್ಲ. ಸ್ವಲ್ಪ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಹೆಂಡತಿ ಪೂವಮ್ಮ, ತೊಂಬತ್ತರ ಹತ್ತಿರ ಬಂದ ದೊಡ್ಡಪ್ಪ ಪದ್ಮಯ್ಯ, ಒಂದು ದೊಡ್ಡ ಟೀವಿ, ಇವಿಷ್ಟು ಅವನ ಸಂಸಾರ. ಯಾವ ಗೋಲ್‌ಕೀಪರನ್ನು ಯಾರು ಕೊಂಡುಕೊಳ್ಳಬೇಕು, ಯಾರನ್ನು ಬೆಂಚಿನ ಮೇಲೆ ಕೂರಿಸಬೇಕು ಎಂದು ಅವನು ಪುಟ್ಟಸ್ವಾಮಿಯ ಹೋಟೆಲಿನಲ್ಲಿ ದಿನಾ ತೀರ್ಪು ಕೊಡುತ್ತಿದ್ದ. ತೊಂದರೆ ಏನೆಂದರೆ, ಇಲ್ಲಿ ಫುಟ್ಬಾಲ್ ಬಲ್ಲವರು ಬಹಳ ಜನ. ಒಂದು ದಿನ ಸುಂಟಿಕೊಪ್ಪದ ಪಿಕಪ್ ಡ್ರೈವರೊಬ್ಬ ಪರೋಟ ಹರಿಯುತ್ತಾ, “ಅಣ್ಣ, ಆಫ್‌ಸೈಡ್ ಅಂದ್ರೆ ಎಂತ ಒಮ್ಮೆ ಹೇಳಿ ನೋಡುವ” ಎಂದುಬಿಟ್ಟ. ದೇರಪ್ಪನಿಗೆ ತಕ್ಷಣ ತೋಟದಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಅಂದಿನಿಂದ ಅವನು ಬೇಸ್‌ಬಾಲ್ ಕಡೆಗೂ ಗಮನ ಹರಿಸಿದ. ಇದು ನಮ್ಮಂಥ ಅಭಿಮಾನಿಗಳಿಗೆ ದೇವರೇ ಕೊಟ್ಟ ಆಟ. ಅಮೆರಿಕದಲ್ಲಿ ರಾತ್ರಿ ಆಡಿದ್ದು ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೋಮವಾರಪೇಟೆಯಿಂದ ಮಡಿಕೇರಿಯವರೆಗೆ ಎದುರು ಮಾತಾಡುವವರು ಒಬ್ಬರೂ ಸಿಗುವುದಿಲ್ಲ. ‘ಹಾರ್ಬರ್ ಸಿಟಿ ಪೆಲಿಕನ್ಸ್’ ಎಂಬ ತಂಡವನ್ನು ದೇರಪ್ಪ ತನ್ನದೆಂದು ಆರಿಸಿಕೊಂಡ. ಅದರ ಟೋಪಿಯ ಮೇಲೆ ದೊಡ್ಡ ಕೊಕ್ಕಿನ ಹಕ್ಕಿಯಿತ್ತು, ನೋಡಲು ಚೆನ್ನಾಗಿತ್ತು. ಬೇರೆ ಕಾರಣವಿರಲಿಲ್ಲ.

“ಪೆಲಿಕನ್ಸ್‌ನವರು ಎಡಗೈಯಲ್ಲಿ ಎಸೆಯುವ ಪಿಚರನ್ನು ಮಾರಬಾರದಿತ್ತು, ಪುಟ್ಟಸ್ವಾಮಿ,” ಎನ್ನುತ್ತಿದ್ದ.

“ಮಾರಬಾರ್ದಾಗಿತ್ತು ಸಾ,” ಎನ್ನುತ್ತಿದ್ದ ಪುಟ್ಟಸ್ವಾಮಿ, ಹಾಸನದ ಕಡೆಯಿಂದ ಬಂದು ಇಲ್ಲಿ ಹೋಟೆಲು ಹಾಕಿದವನು. ಪಿಚರ್ ಎಂದರೆ ದನವೋ ಮನುಷ್ಯನೋ ಎಂದು ಅವನು ಕೇಳಲಿಲ್ಲ. ಗಿರಾಕಿಯ ಜೊತೆ ವಾದ ಮಾಡಿದವನ ಹೋಟೆಲು ನಡೆಯುವುದಿಲ್ಲ.

ಅದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಅಂಗಳದ ತುಂಬ ಪೂವಮ್ಮ ಕರಿಮೆಣಸು ಒಣಹಾಕಿದ್ದಳು. ಪದ್ಮಯ್ಯ ಬಚ್ಚಲಿಗೆ ಹೋಗಿದ್ದರು. ಅವರು ಬಚ್ಚಲಿಗೆ ಹೋದರೆ ಹಂಡೆಯ ನೀರು ಮುಗಿಯುವವರೆಗೆ ಹೊರಗೆ ಬರುವ ರೂಢಿಯಿಲ್ಲ. ದೇರಪ್ಪ ರಾತ್ರಿ ರೋವರ್ಸ್ ತಂಡದ ಪಂದ್ಯ ನೋಡುತ್ತಾ ಕುರ್ಚಿಯಲ್ಲೇ ನಿದ್ದೆ ಹೋದವನು, ಗದ್ದಲಕ್ಕೆ ಕಣ್ಣು ಬಿಟ್ಟ. ಟೀವಿಯಲ್ಲಿ ಪೆಲಿಕನ್ಸ್! ಕೊನೆಯ ಸುತ್ತು, ಗೆಲ್ಲಲು ಸ್ವಲ್ಪವೇ ಬಾಕಿ, ಕೊನೆಯ ಆಟಗಾರ ದಾಂಡು ಹಿಡಿದು ನಿಂತಿದ್ದಾನೆ. ಅವನು ಬೀಸಿದ. ಚೆಂಡು ಮೇಲೆ ಹೋಯಿತು, ಹೋಗುತ್ತಲೇ ಇತ್ತು, ಗೋಡೆಯಾಚೆ ಜನರ ನಡುವೆ ಬಿತ್ತು.

ಸಂತೋಷ ಬಂದಾಗ ಮನುಷ್ಯ ಏನಾದರೂ ಮಾಡಬೇಕು. ಅಮೆರಿಕದವರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ದೇರಪ್ಪನ ಜೊತೆ ಹೊರಳಾಡಲು ಯಾರೂ ಇರಲಿಲ್ಲ. ಗೋಡೆಯ ಮೇಲೆ ಅಜ್ಜನ ಕಾಲದ ಎರಡು ನಳಿಗೆಯ ಕೋವಿ ಇತ್ತು. ಅದನ್ನು ತೆಗೆದುಕೊಂಡು ಅಂಗಳಕ್ಕೆ ಓಡಿ ಆಕಾಶಕ್ಕೆ ಗುರಿಯಿಟ್ಟು ಒಂದು ಗುಂಡು ಹಾರಿಸಿದ. ಒಂದೇ ಎಂದು ಅವನ ಮನಸ್ಸಿನಲ್ಲಿತ್ತು. ಬೆರಳಿಗೂ ಸಂತೋಷವಾಗಿತ್ತು, ಇನ್ನೊಂದೂ ಹಾರಿತು.

ಕೊಡಗಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ನಮ್ಮಲ್ಲಿ ಒಂದು ಮನೆಯಿಂದ ಒಂಟಿ ಗುಂಡು ಕೇಳಿದರೆ ಗಂಡು ಮಗು ಹುಟ್ಟಿತು ಎಂದು. ಒಂದರ ಬೆನ್ನಿಗೇ ಇನ್ನೊಂದು ಕೇಳಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು. ಜೋಡಿ ಗುಂಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ, ಕರೆಯಬೇಕಾಗಿಲ್ಲ.

ದೇರಪ್ಪ ಹೊಗೆಯ ನಡುವೆ ನಿಂತಿದ್ದ. ಕೆಳಗಿನ ಮನೆಯಲ್ಲಿ ಬಾಗಿಲು ತೆರೆದ ಸದ್ದಾಯಿತು. ಆಚೆ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದವರು ಏಣಿಯಿಂದ ಇಳಿದರು.

“ಅಯ್ಯೋ ದೇವರೇ, ಎಂತ ಮಾಡ್ದೆ!” ಎಂದ ದೇರಪ್ಪ. ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಕೋಳಿಗಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೊದಲು ಬಂದವನು ಕೆಳಗಿನ ಮನೆಯ ಶಾಂತಪ್ಪ. ಊರಿನಲ್ಲಿ ಯಾವ ಸಾವಾದರೂ ಮುಂದೆ ನಿಂತು ನಡೆಸುವವನು ಅವನೇ. ಚಟ್ಟಕ್ಕೆ ಬಿದಿರು ಎಲ್ಲಿ ಕಡಿಯಬೇಕು, ಯಾರು ಯಾರಿಗೆ ಫೋನ್ ಮಾಡಬೇಕು ಎನ್ನುವುದೆಲ್ಲ ಅವನ ತಲೆಯಲ್ಲಿ ಸಿದ್ಧವಾಗಿರುತ್ತದೆ. ತಲೆಗೆ ಟವೆಲು ಸುತ್ತಿಕೊಂಡು ಬಂದು ದೇರಪ್ಪನ ಭುಜದ ಮೇಲೆ ಕೈಯಿಟ್ಟ.

“ಧೈರ್ಯ ತಕೋ ಮಾರಾಯ. ಒಳ್ಳೆ ವಯಸ್ಸು, ಒಳ್ಳೆ ಸಾವು. ಬಾಳೆಲೆ ಊರಿನ ನೆಂಟರಿಗೆ ನಾನೇ ಹೇಳಿಯಾಯ್ತು.”

ಇಲ್ಲಿ ದೇರಪ್ಪ ಸತ್ಯ ಹೇಳಬಹುದಿತ್ತು. ‘ಯಾರೂ ಸತ್ತಿಲ್ಲ, ಪೆಲಿಕನ್ಸ್ ಗೆದ್ದರು’ ಎಂದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಕೋವಿ ನೆನಪಾಯಿತು. ಹೋದ ವರ್ಷ ಮದುವೆಯ ಖುಷಿಗೆ ಗುಂಡು ಹಾರಿಸಿದ ಅವನ ಸೋದರತ್ತೆಯ ಮಗನ ಕೋವಿ ಠಾಣೆಗೆ ಹೋಗಿ ಇನ್ನೂ ತಿರುಗಿ ಬಂದಿರಲಿಲ್ಲ. ಸಾವಿಗೆ ಹಾರಿಸಿದರೆ ಪದ್ಧತಿ, ಯಾರೂ ಕೇಳುವುದಿಲ್ಲ. ಖುಷಿಗೆ ಹಾರಿಸಿದರೆ ಪೊಲೀಸರು ಬಿಡುವುದಿಲ್ಲ. ಕೈಲ್ ಮುಹೂರ್ತದ ಹಬ್ಬದಲ್ಲಿ ಹೂವಿಟ್ಟು ಕೈಮುಗಿಯುವ ಅಜ್ಜನ ಕೋವಿ, ಒಂದು ಹಕ್ಕಿ ಟೋಪಿಯ ದೆಸೆಯಿಂದ ಮನೆ ಬಿಟ್ಟು ಹೋಗುವುದೆಂದರೆ ಅವನಿಂದ ಸಹಿಸಲಾಗದ ಮಾತು. ಹಾಗಾಗಿ ಬಾಯಿ ಮುಚ್ಚಿಕೊಂಡ. ದೇರಪ್ಪ ಬಾಯಿ ಮುಚ್ಚಿದ್ದನ್ನು ಶಾಂತಪ್ಪ ಆವರೆಗೆ ಕಂಡವನಲ್ಲ. ಇದು ತೀರಾ ದೊಡ್ಡ ದುಃಖವೇ ಸರಿ ಎಂದುಕೊಂಡು ಬಿದಿರಿಗೆ ಜನ ಕಳಿಸಿದ.

ಅಷ್ಟರಲ್ಲಿ ಪುಟ್ಟಸ್ವಾಮಿ ಹೋಟೆಲು ಮುಚ್ಚಿ, ದೊಡ್ಡ ಕ್ಯಾನಿನಲ್ಲಿ ಕಾಫಿ ಹೊತ್ತುಕೊಂಡು ಬಂದ. ಅವನ ಹೆಂಡತಿ ಗುರುಸಿದ್ದಮ್ಮ ಗೇಟಿನಿಂದಲೇ ಶುರು ಮಾಡಿದಳು.

“ಅಯ್ಯೋ ನಮ್ಮಪ್ಪಾ, ಹೋಗ್ಬುಟ್ರಾ! ದೇವ್ರಂಥ ಮನ್ಸ, ಒಂದು ದಿನ ಒಂದು ಬಿರುಸು ಮಾತಾಡ್ನಿಲ್ವಲ್ಲಾ!”

ಹೋದ ತಿಂಗಳಷ್ಟೇ ಅವಳ ಮೇಕೆ ತೋಟಕ್ಕೆ ನುಗ್ಗಿದ್ದಕ್ಕೆ ಪದ್ಮಯ್ಯ ಅವಳ ಏಳು ತಲೆಮಾರನ್ನು ಜಾಲಾಡಿದ್ದರು. ಸಾವಿನ ಮನೆಯಲ್ಲಿ ಅದನ್ನೆಲ್ಲ ಯಾರು ನೆನೆಯುತ್ತಾರೆ? ನೋಡನೋಡುತ್ತ ಅಂಗಳ ತುಂಬಿತು. ಬಂದವರೆಲ್ಲ ಚಪ್ಪಲಿ ಕಳಚಿ, ತಲೆ ತಗ್ಗಿಸಿ, ಗೌರವದಿಂದ ಕರಿಮೆಣಸಿನ ಮೇಲೆ ನಡೆದರು.

ಗುಂಡಿನ ಸದ್ದನ್ನು ಟೀವಿಯ ಗದ್ದಲವೆಂದುಕೊಂಡು, ಕೋಳಿಗೂಡಿನ ಹಿಂದಿನಿಂದ ಬುಟ್ಟಿ ಹಿಡಿದು ಬಂದ ಪೂವಮ್ಮ ಇದನ್ನು ಕಂಡು ನಿಂತುಬಿಟ್ಟಳು. “ನನ್ನ ಮೆಣ್ಸ್! ಯಾರಿದೆಲ್ಲ? ಎಂತಕೆ ನನ್ನ ಮೆಣ್ಸ್ ತುಳಿಯದ್?” ಎಂದು ಕೂಗಿದಳು. ಗುರುಸಿದ್ದಮ್ಮ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. “ದುಃಖಕ್ಕೆ ಏನೇನೋ ಆಡ್ತಾವ್ರೆ, ಒಂದು ಲೋಟ ನೀರು ಕೊಡ್ರಪ್ಪ.”

ಆಗಲೇ ಬಚ್ಚಲಿನ ಬಾಗಿಲು ತೆರೆಯಿತು. ಮೊದಲು ಹಬೆ ಬಂತು. ಅದರ ಹಿಂದೆ ಸೊಂಟಕ್ಕೊಂದು ಪಂಚೆ ಸುತ್ತಿಕೊಂಡ ಪದ್ಮಯ್ಯ ಬಂದರು.

ಗುರುಸಿದ್ದಮ್ಮ ಕಿರುಚಿದ್ದಕ್ಕೆ ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಪದ್ಮಯ್ಯ ಕಣ್ಣು ಕಿರಿದು ಮಾಡಿ ಅಂಗಳದ ಜನವನ್ನು, ಶಾಂತಪ್ಪನ ತಲೆಯ ಟವೆಲನ್ನು, ಹೊತ್ತು ತರುತ್ತಿದ್ದ ಹಸಿ ಬಿದಿರನ್ನು ಸಾವಕಾಶವಾಗಿ ನೋಡಿದರು.

“ಯಾರ್ ಸತ್ತದ್?” ಎಂದು ಕೇಳಿದರು.

ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮನೆಯಲ್ಲಿರುವವರು ಮೂವರು, ಮೂವರೂ ಅಂಗಳದಲ್ಲಿ ನಿಂತಿದ್ದಾರೆ. ಶಾಂತಪ್ಪನ ಮುಖ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ಹೆಣವಿಲ್ಲದ ಸಾವನ್ನು ಅವನು ನಡೆಸಿದ್ದಿಲ್ಲ.

“ದೇರಪ್ಪ! ಯಾರೂ ಸಾಯದೆ ಜೋಡಿ ಗುಂಡು ಹೊಡೆದದ್ದು ಎಂತಕ್ಕೆ?”

ದೇರಪ್ಪನ ಬಾಯಿಗೆ ಬಂದದ್ದು, “ಆನೆ!”

ಸುಳ್ಳು ಹೇಳುವವನು ಸಣ್ಣದಾಗಿ ಹೇಳಬೇಕು. ಕೋತಿ ಎಂದಿದ್ದರೆ ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು. ಆದರೆ ನಿತ್ಯ ದೊಡ್ಡ ದೊಡ್ಡ ತಂಡಗಳ ವಿಷಯ ಮಾತಾಡಿ ಅಭ್ಯಾಸವಾದವನಿಗೆ ಸಣ್ಣ ಪ್ರಾಣಿ ಹೊಳೆಯಲಿಲ್ಲ.

“ಆನೆಯಾ? ಯಾವ ಕಡೆ ಹೋಯ್ತು?”

“ಕೆಳಗೆ. ನಿನ್ನ ತೋಟದ ಕಡೆಗೆ.”

ಶಾಂತಪ್ಪನ ತೋಟದಲ್ಲಿ ಗೊನೆ ಬಿಟ್ಟ ಬಾಳೆಯಿತ್ತು. ಅವನು ಟವೆಲು ಬಿಚ್ಚಿ ಎಸೆದು ಅರಣ್ಯ ಇಲಾಖೆಗೆ ಫೋನ್ ಮಾಡಿದ. ಅವರ ಜೀಪು ಪಕ್ಕದ ಎಸ್ಟೇಟಿನಲ್ಲೇ ಇತ್ತಂತೆ, ದೇರಪ್ಪ ಇನ್ನೊಂದು ಸುಳ್ಳು ಯೋಚಿಸುವಷ್ಟರಲ್ಲಿ ಬಂದೇಬಿಟ್ಟಿತು. ಪಟಾಕಿಯ ಚೀಲ ಹಿಡಿದ ಸಿಬ್ಬಂದಿಯ ಮುಂದೆ ಫಾರೆಸ್ಟರ್ ಶಶಿಕುಮಾರ್ ಇಳಿದರು.

“ಆನೆ ನೋಡಿದವರು ಯಾರು?”

“ನಾನೇ,” ಎಂದ ದೇರಪ್ಪ.

“ಹೆಜ್ಜೆ ಎಲ್ಲಿ?”

ದೇರಪ್ಪ ನೆಲ ನೋಡಿದ. ಊರಿನವರ ಹೆಜ್ಜೆಯೆಲ್ಲ ಮೆಣಸಿನ ಮೇಲಿತ್ತು, ಆನೆಯದೊಂದು ಮಾತ್ರ ಇರಲಿಲ್ಲ. “ಜನ ತುಳಿದು ಅಳಿಸಿಹೋಯ್ತು ಸಾರ್.”

“ನೋಡಲು ಹೇಗಿತ್ತು?”

ಇಲ್ಲಿ ದೇರಪ್ಪನೊಳಗಿನ ಪಂಡಿತ ಎದ್ದ. ಗೊತ್ತಿಲ್ಲದ ವಿಷಯದಲ್ಲಿ ವಿವರ ಕೊಡುವುದು ಅವನ ಬಹುದಿನದ ಕಸುಬು. “ದೊಡ್ಡ ಗಂಡಾನೆ ಸಾರ್. ಎಡಗಡೆಯ ದಂತ ಮೊಂಡು. ಬಲ ಕಿವಿಯಲ್ಲಿ ತೂತು. ಬ್ಯಾಲೆನ್ಸ್ ಚೆನ್ನಾಗಿದೆ, ಓಟದಲ್ಲಿ ಸ್ವಲ್ಪ ನಿಧಾನ.”

ಶಶಿಕುಮಾರ್ ಅವನನ್ನೇ ನೋಡಿದರು. “ನೀವು ಹೇಳಿದ ಗುರುತಿನ ಆನೆ ಒಂದೇ ಇರುವುದು. ಅದರ ಕೊರಳಿಗೆ ನಾವೇ ರೇಡಿಯೋ ಪಟ್ಟಿ ಕಟ್ಟಿದ್ದೇವೆ. ಈಗ ಅದು ಮಾಕುಟ್ಟದ ಕಾಡಿನಲ್ಲಿದೆ.” ಮೊಬೈಲು ತೆಗೆದು ತೋರಿಸಿದರು. ಆನೆ ಕೇರಳದ ಗಡಿಯಲ್ಲಿ ನೆಮ್ಮದಿಯಾಗಿ ನಿಂತಿತ್ತು. “ಇನ್ನು, ಆನೆಯ ಮೇಲೆ ಕೋವಿ ಎತ್ತಿದ್ದೇ ನಿಜವಾದರೆ ಅದು ಬೇರೆ ಕೇಸು. ಜಾಮೀನೂ ಕಷ್ಟ.”

“ಆನೆ ಅಲ್ಲ ಸಾರ್, ಹಂದಿ ಇರಬೇಕು,” ಎಂದ ದೇರಪ್ಪ ಗಾಬರಿಯಲ್ಲಿ.

“ಅದೂ ಕೇಸೇ.”

ಪೊಲೀಸರಿಗೆ ಸುದ್ದಿ ಹೋಯಿತು. ಎಸ್‌ಐ ಶಿವಪ್ರಕಾಶ್ ಬಂದಾಗ ಅವರ ಜೀಪಿನ ಹಿಂದೆಯೇ ಬಾಳೆಲೆಯ ನೆಂಟರ ಜೀಪೂ ಬಂತು. ಅವರು ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ಹಿಡಿದು ಅಳುತ್ತಾ ಇಳಿದರು. ಜಗಲಿಯಲ್ಲಿ ಕುಳಿತು ಅಕ್ಕಿ ರೊಟ್ಟಿ ತಿನ್ನುತ್ತಿದ್ದ ಪದ್ಮಯ್ಯನವರನ್ನು ಕಂಡು ಅಳು ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ನಿಂತರು. “ಬನ್ನಿ, ಕೂರಿ. ಕಾಫಿ ಉಟ್ಟು,” ಎಂದು ಪದ್ಮಯ್ಯ ಕಾಫಿ ಇರುವ ಕ್ಯಾನು ತೋರಿಸಿದರು. ತಮ್ಮ ಸಾವಿಗೆ ಯಾರು ಯಾರು ಬಂದರು, ಯಾರು ಬರಲಿಲ್ಲ ಎಂದು ಅವರು ರೊಟ್ಟಿ ಮುರಿಯುತ್ತಾ ಗಮನಿಸುತ್ತಿದ್ದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

ಎಸ್‌ಐ ಅಂಗಳದ ನಡುವೆ ನಿಂತು ಕೇಳಿದರು. “ಒಬ್ಬರು ಸಾವು ಅಂತೀರಿ, ಒಬ್ಬರು ಆನೆ ಅಂತೀರಿ. ದೇರಪ್ಪನವರೇ, ನಿಜ ಏನು?”

ಒಂದು ಕಡೆ ಜೈಲು, ಇನ್ನೊಂದು ಕಡೆ ಕೋವಿ. ದೇರಪ್ಪ ನೀರು ಕೇಳಿ ಕುಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು ಹೇಳಿದ, “ಪೆಲಿಕನ್ಸ್ ಗೆದ್ದರು ಸಾರ್. ಅದಕ್ಕೇ ಹೊಡೆದೆ.”

“ಪೆಲಿಕನ್ಸ್ ಯಾರು? ಯಾವ ಊರಿನವರು?”

“ಅಮೆರಿಕದವರು. ಬೇಸ್‌ಬಾಲ್.”

ಎಸ್‌ಐ ಸುತ್ತಲಿನವರನ್ನು ನೋಡಿದರು. “ಇವರಿಗೆ ಆರೋಗ್ಯ ಸರಿ ಇದೆಯಾ?”

“ಆರೋಗ್ಯ ಚೆನ್ನಾಗೈತೆ ಸಾ,” ಎಂದ ಪುಟ್ಟಸ್ವಾಮಿ. “ದಿನಾ ಹೀಗೇ ಇರ್ತಾರೆ.”

ನಂಬಿಕೆ ಹುಟ್ಟಿಸಲು ದೇರಪ್ಪ ಆಟವನ್ನು ವಿವರಿಸತೊಡಗಿದ. ಎಸೆಯುವವನು ಯಾರು, ಓಡುವವನು ಎಲ್ಲಿಂದ ಎಲ್ಲಿಗೆ ಓಡಬೇಕು, ಗೋಡೆಯಾಚೆ ಹೋದರೆ ಏನು ಲಾಭ. ಎಷ್ಟೋ ವರ್ಷಗಳಿಂದ ಅವನು ಇಂಥ ಸಭೆಗಾಗಿ ಹಂಬಲಿಸಿದ್ದ. ಎರಡು ಇಲಾಖೆಯವರು, ಊರಿನವರು, ಬಾಳೆಲೆಯವರು, ಎಲ್ಲರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಾರೆ. ಮಾತಿನ ಭರದಲ್ಲಿ ತಾನು ಆರೋಪಿ ಎನ್ನುವುದನ್ನೇ ಮರೆತು, ಪೆಲಿಕನ್ಸ್ ಮುಂದಿನ ಪಂದ್ಯದಲ್ಲಿ ಯಾರನ್ನು ಕೈಬಿಡಬೇಕು ಎನ್ನುವ ತನಕ ಹೋದ.

“ಸಾಕು, ಟೀವಿ ತೋರಿಸಿ,” ಎಂದು ಎಸ್‌ಐ ಒಳಗೆ ಹೋದರು. ಕಿಟಕಿ ಬಾಗಿಲುಗಳಲ್ಲಿ ಜನ ಮುತ್ತಿಕೊಂಡರು. ಟೀವಿ ಇನ್ನೂ ಓಡುತ್ತಿತ್ತು, ಪೆಲಿಕನ್ಸ್ ಆಟಗಾರರು ಬಹುಮಾನ ಎತ್ತಿ ಕುಣಿಯುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು.

“ನೋಡಿ ಸಾರ್, ಸುಳ್ಳಲ್ಲ!”

ಎಸ್‌ಐ ಹತ್ತಿರ ಹೋಗಿ ಪರದೆಯ ಮೂಲೆ ನೋಡಿದರು. “ದೇರಪ್ಪನವರೇ, ಇಲ್ಲಿ ಚಿಕ್ಕದಾಗಿ ಬರೆದಿದೆ. ಇದು ಹೋದ ವರ್ಷದ ಪಂದ್ಯ. ಮತ್ತೆ ಹಾಕಿದ್ದಾರೆ. ಈ ವರ್ಷದ ಆಟ ಮುಂದಿನ ವಾರ ಶುರುವಂತೆ.”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಬೇಲಿಯವರೆಗೂ ನಗು ಹರಡಿತು. ಅಳಲು ಬಂದವರೇ ಹೊಟ್ಟೆ ಹಿಡಿದು ನಕ್ಕರು. ಗುರುಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಪೂವಮ್ಮ ಮಾತ್ರ ನಗದೆ ಮೆಣಸು ಆಯುತ್ತಿದ್ದಳು. ದೇರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಪಂದ್ಯವನ್ನು ನೋಡಿಯೂ ಇದನ್ನು ಆಗಲೇ ನೋಡಿದ್ದೇನೆಂದು ಗುರುತು ಹಿಡಿಯದ ಅಭಿಮಾನಿ ಲೋಕದಲ್ಲಿ ಬೇರೆ ಯಾರಿದ್ದಾರು?

ಎಸ್‌ಐಗೂ ನಗು ಬಂದಿತ್ತು. ಆದರೆ ಅವರು ಕೋವಿಯನ್ನು ಕೈಗೆ ತೆಗೆದುಕೊಂಡರು. “ನಗುವುದು ಬೇರೆ, ಕಾನೂನು ಬೇರೆ. ಇದು ಯಾರ ಹೆಸರಿನಲ್ಲಿದೆ?”

“ನನ್ನ ಹೆಸರಿಲಿ ಉಟ್ಟು,” ಎಂದು ಪದ್ಮಯ್ಯ ಎದ್ದು ಬಂದರು. “ಗುಂಡೂ ನಂದೇ.”

“ಅಜ್ಜ, ಹೊಡೆದವರು ಇವರು.”

“ಹೊಡೆದವ ಇವ. ಹೊಡೆದದ್ದು ನನಗೆ. ಜೋಡಿ ಗುಂಡು ಹೊಡೆಯೋದು ಸತ್ತವನಿಗೆ ತಾನೇ? ಊರವರು ಬಂದ್ರು. ಗುರುಸಿದ್ದಮ್ಮ ಅತ್ತಳು. ಬಾಳೆಲೆಯವರು ಬಟ್ಟೆ ತಂದ್ರು. ಬಿದಿರೂ ಕಡಿದಾಯ್ತು. ಇನ್ನೆಂತ ಬಾಕಿ?”

“ನೀವು ಬದುಕಿದ್ದೀರಲ್ಲ ಅಜ್ಜ!”

“ಅದು ಹೆಚ್ಚು ದಿನದ ಮಾತಲ್ಲ,” ಎಂದರು ಪದ್ಮಯ್ಯ. “ಒಬ್ಬನಿಗೆ ಜೋಡಿ ಗುಂಡು ಒಂದೇ ಸಲ. ನನ್ನದು ಇವತ್ತು ಆಯ್ತು ಅಂತ ತಿಳ್ಕೊಳ್ಳಿ. ನಾನು ಹೋದ ದಿನ ಹೊಡೆಯೋದು ಬೇಡ. ಇಷ್ಟು ಜನರ ಮುಂದೆ ಹೇಳ್ತಾ ಇದ್ದೇನೆ. ಕೋವಿ ಮನೆಯಲ್ಲಿ ಇರಲಿ.”

ನಗು ನಿಂತಿತು. ಗುಂಡಿಲ್ಲದೆ ಹೋಗುವುದೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಊರಿಗೆ ಹೇಳದೆ ಹೋದ ಹಾಗೆ.

“ಬೇಡ ದೊಡ್ಡಪ್ಪ,” ಎಂದ ದೇರಪ್ಪ. “ಕೋವಿ ಹೋದರೆ ಹೋಗಲಿ. ತಪ್ಪು ನನ್ನದು. ನಿಮ್ಮ ಗುಂಡು ನಿಮಗೇ ಇರಲಿ.”

“ಕೋವಿ ಹೋದ್ಮೇಲೆ ಗುಂಡು ಎಲ್ಲಿಂದ ತರ್ತೀ? ಮಂಡೆ ಸ್ವಲ್ಪ ಓಡಿಸು,” ಎಂದರು ಪದ್ಮಯ್ಯ.

ದೇರಪ್ಪ ಕಣ್ಣು ಒರೆಸಿಕೊಂಡ. ಎಲ್ಲರೆದುರು ಮೂಗೂ ಸೋರಿತು. ಎಸ್‌ಐ ಶಾಂತಪ್ಪನ ಕಡೆ ತಿರುಗಿದರು. “ಹೀಗೆ ಮೊದಲೇ ಹೊಡೆದು ಮುಗಿಸುವ ಪದ್ಧತಿ ಇದೆಯಾ?”

ಶಾಂತಪ್ಪ ಎಸೆದಿದ್ದ ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. “ಇದೆ ಅಂತ ಹೇಳಲಾರೆ. ಇಲ್ಲ ಅಂತ ಇದುವರೆಗೆ ಯಾರೂ ಹೇಳಿದ್ದಿಲ್ಲ.”

ಫಾರೆಸ್ಟರ್ ಮಾಕುಟ್ಟದ ಆನೆಯನ್ನು ಮೊಬೈಲಿನಲ್ಲಿ ನೋಡುತ್ತಾ ಕೆಮ್ಮಿದರು. ಎಸ್‌ಐ ಕೋವಿಯನ್ನು ಒಮ್ಮೆ, ಪದ್ಮಯ್ಯನವರನ್ನು ಒಮ್ಮೆ ನೋಡಿ, ಕೋವಿಯನ್ನು ಮುದುಕರ ಕೈಗೇ ಕೊಟ್ಟರು. “ಸಾವಿಗೆ ಹೊಡೆದ ಗುಂಡು ಅಂತಲೇ ಇರಲಿ. ಆದರೆ ಅಜ್ಜ ಕೊಟ್ಟ ಮಾತು ಮಾತು. ಇನ್ನು ಅಜ್ಜನಿಗೂ ಸದ್ದು ಮಾಡಬಾರದು, ಅಮೆರಿಕದವರಿಗೂ ಮಾಡಬಾರದು.”

ಪುಟ್ಟಸ್ವಾಮಿ ಕ್ಯಾನಿನಿಂದ ಕಾಫಿ ಬಗ್ಗಿಸಿ ಎಲ್ಲರಿಗೂ ಹಂಚಿದ. ಪದ್ಮಯ್ಯನವರಿಗೆ ಲೋಟ ಕೊಡುವಾಗ ಅವನಿಗೊಂದು ಸಂಶಯ ಬಂತು.

“ಅಲ್ಲ ಅಜ್ಜಾರೇ, ತಪ್ಪು ತಿಳ್ಕೋಬ್ಯಾಡಿ. ಗುಂಡು ಇಲ್ಲ ಅಂದ್ಮೇಲೆ, ಆ ದಿನ ಬಂದಾಗ ನಮ್ಗೆ ಗೊತ್ತಾಗೋದು ಹೆಂಗೆ?”

“ದೇರಪ್ಪ ಇದ್ದಾನಲ್ಲ. ನಿನ್ನ ಹೋಟೆಲಿಗೆ ಬಂದು ಹೇಳ್ತಾನೆ.”

ಶಾಂತಪ್ಪ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟ. “ದೇರಪ್ಪ ಹೇಳಿದ್ರೆ ನಂಬೋರು ಯಾರು?”

ಎಲ್ಲರೂ ದೇರಪ್ಪನ ಕಡೆ ನೋಡಿದರು. ಅವನು ಬಾಯಿ ತೆರೆದ. ಆಮೇಲೆ ಹೆಂಡತಿಯ ಪಕ್ಕ ಕುಳಿತು, ತುಳಿದ ಮೆಣಸನ್ನು ಆಯತೊಡಗಿದ.